ಬದುಕಿದ್ದವಳಿಗೆ ಅತ್ತ ತಾಯಕ್ಕ

ಕಂಪ್ಲಿಯ ತಾಯಕ್ಕ ಅಳುವುದರಲ್ಲಿ ಹೆಸರುವಾಸಿ. ನಗಬೇಡಿ, ಅದೂ ಒಂದು ವಿದ್ಯೆಯೇ. ಹೆಣದ ಮುಂದೆ ಕೂತು, ಸತ್ತವರ ಹೆಸರು ಹಿಡಿದು, ಅವರು ಉಂಡದ್ದು, ಉಟ್ಟದ್ದು, ಪಟ್ಟ ಪಾಡು ಎಲ್ಲವನ್ನೂ ರಾಗ ಎಳೆದು ಹಾಡಿಕೊಂಡು ಅಳಬೇಕು. ಈ ಕಡೆ ಅದಕ್ಕೆ ಹಾಡ್ಯಾಡಿ ಅಳುವುದು ಎನ್ನುತ್ತಾರೆ. ಆ ಹಾಡಿನಲ್ಲಿ ಯಾರನ್ನು ಬೈದರೂ ಎದುರಾಡುವಂತಿಲ್ಲ. ಗದ್ದೆಯಲ್ಲಿ ನಾಟಿ ಹಚ್ಚಿ ಬದುಕುವ ಈ ಹೆಂಗಸು ಸಾವಿನ ಮನೆಗೆ ಬಂದಳೆಂದರೆ ಕಲ್ಲಿನಂಥ ಗಂಡಸರೂ ಟವೆಲ್ಲು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

ಈ ವಿದ್ಯೆಯೇ ತಂಗಿಯನ್ನು ದೂರ ಮಾಡಿತ್ತು. ಆರು ವರ್ಷದ ಹಿಂದೆ ಅವರವ್ವ ತೀರಿಕೊಂಡಾಗ, ಹೊಸಪೇಟೆ ಹತ್ತಿರ ಟಿ.ಬಿ. ಡ್ಯಾಂನ ಕ್ವಾರ್ಟರ್ಸಿನಲ್ಲಿದ್ದ ತಂಗಿ ವಿರುಪಮ್ಮ ಬರುವಷ್ಟರಲ್ಲಿ ಹೊತ್ತಾಗಿತ್ತು. ತಾಯಕ್ಕ ಅಷ್ಟು ಜನರೆದುರು, "ಸಣ್ಣ ಮಗಳಿಗೆ ಪುರಸೊತ್ತಿಲ್ಲವ್ವಾ, ನೀ ಯಾಕ ಜಲ್ದಿ ಮಾಡಿದೆವ್ವಾ" ಎಂದು ಹಾಡಿಬಿಟ್ಟಳು. ವಿರುಪಮ್ಮ ಮಣ್ಣು ಮುಗಿದದ್ದೇ ತಡ, ಒಂದು ತುತ್ತೂ ಮುಟ್ಟದೆ ಹೊರಟುಹೋದಳು. ಅಲ್ಲಿಂದ ಇಬ್ಬರಿಗೂ ಮಾತಿಲ್ಲ. ದೊಡ್ಡವಳಿಗೆ ಬಿಂಕ, ಚಿಕ್ಕವಳಿಗೆ ಅದರ ಎರಡರಷ್ಟು.

ಹೋದ ಮಳೆಗಾಲದಲ್ಲಿ ಹೊಸಪೇಟೆಯ ಕಾಲೇಜಿನಿಂದ ಅಂಜಲಿ ಎಂಬ ಉಪನ್ಯಾಸಕಿ ತಾಯಕ್ಕನನ್ನು ಹುಡುಕಿಕೊಂಡು ಬಂದಳು. ಡ್ಯಾಮಿನಲ್ಲಿ ಮುಳುಗಿದ ಊರೊಂದರ ಮೇಲೆ ಕಾದಂಬರಿ ಬರೆಯುತ್ತಿದ್ದಳು. ಗ್ರಂಥಾಲಯದ ಧೂಳು ಕುಡಿದಿದ್ದಳು, ಹಳೇ ಕಡತ ತಿರುವಿದ್ದಳು, ಸಂಡೂರಿನ ಮುದುಕ ಮಾಸ್ತರೊಬ್ಬರ ಪೆಟ್ಟಿಗೆಯಿಂದ ಫೋಟೋಗಳನ್ನೂ ಹೊರತೆಗೆಸಿದ್ದಳು. ಎಷ್ಟು ಎಕರೆ ಮುಳುಗಿತು, ಯಾರ ಮನೆಗೆ ಎಷ್ಟು ಬಾಗಿಲಿದ್ದವು, ಎಲ್ಲ ಸಿಕ್ಕಿತ್ತು. ಊರು ಬಿಡುವಾಗ ಹೆಂಗಸರು ಹೇಗೆ ಅತ್ತರು ಎಂಬುದು ಮಾತ್ರ ಯಾವ ಕಾಗದದಲ್ಲೂ ಇರಲಿಲ್ಲ.

"ಒಂದೀಟು ಅತ್ತು ತೋರಸ್ತೀರೇನ್ರಿ?" ಎಂದು ಕೇಳಿದಳು.

"ಸತ್ತೋರಿಲ್ದ ಹಾಡ್ಯಾಡಿ ಅಳಬಾರ್ದ್ರಿ ಮೇಡಂ. ಮನಿಗೆ ಒಳ್ಳೇದಲ್ಲ."

"ಮನ್ಯಾಗ ಬ್ಯಾಡ ಬಿಡ್ರಿ. ಕಾಲುವಿ ದಂಡಿಗೆ ಹೋಗಿ ಕುಂದ್ರೋಣು."

ಅಷ್ಟು ಓದಿದವಳು ತನ್ನ ಅಳುವನ್ನು ಕೇಳಿಕೊಂಡು ಬಂದಿದ್ದಾಳೆಂಬ ಹೆಮ್ಮೆಗೆ ತಾಯಕ್ಕ ಒಪ್ಪಿಬಿಟ್ಟಳು. ಕಾಲುವೆ ದಂಡೆಯಲ್ಲಿ ಸೆರಗು ಹೊದ್ದು ಕೂತಳು. ಆದರೆ ಹೆಸರಿಲ್ಲದೆ ಆ ಹಾಡು ಏಳುವುದಿಲ್ಲ. ಅಂಜಲಿ ತನ್ನ ಕಾದಂಬರಿಯ ಹೆಂಗಸೊಬ್ಬಳ ಹೆಸರು ಕೊಟ್ಟಳು. ತಾಯಕ್ಕ ಎರಡು ಸಲ ರಾಗ ತೆಗೆದು ನಿಲ್ಲಿಸಿದಳು.

"ಇಲ್ದಾಕಿಗೆ ಕಣ್ಣೀರು ಎಲ್ಲಿಂದ ಬರ್ಬೇಕ್ರಿ?"

ಕಣ್ಣು ಮುಚ್ಚಿದಳು. ಆಗ ಬಾಯಿಗೆ ತಾನಾಗಿ ಬಂದ ಹೆಸರು ತಂಗಿಯದು.

"ವಿರುಪೀ... ನನ್ನ ಬೆನ್ನಿಗೆ ಬಿದ್ದಾಕೀ... ಒಂದ ಗಂಗಾಳದಾಗ ಉಂಡೀವಲ್ಲೇ... ಬದುವಿನ ಮ್ಯಾಲೆ ನನ್ನ ಸೆರಗು ಹಿಡಕಂಡು ಬರ್ತಿದ್ದೆಲ್ಲೇ... ಆಡಬಾರದ್ದು ಆಡೀನಿ, ಹೊಟ್ಯಾಗ ಹಾಕ್ಕಳೇ..."

ಆರು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದೆಲ್ಲ ಹೊರಬಂತು. ಅಂಜಲಿ ಬರೆಯುವುದನ್ನು ಬಿಟ್ಟು ತಾನೂ ಅತ್ತಳು. ಮುಗಿದ ಮೇಲೆ ಮೆಲ್ಲಗೆ ಕೇಳಿದಳು:

"ತಂಗಿ ಯಾವಾಗ ತೀರ್ಕೊಂಡ್ರು?"

"ಬಿಡ್ತು ಅನ್ರಿ! ಡ್ಯಾಮಿನಾಗ ಅದಾಳ, ಗುಂಡಕಲ್ಲಿನಂಗ!"

ಅಂಜಲಿ ಮುಖ ಬಿಳಿಚಿತು. "ಹಂಗಾರ ನಾಳೇನ ಹೋಗಿ ಮಾತಾಡಸ್ರಿ, ತಾಯಕ್ಕ."

"ಹೋಗ್ತೀನ್ರಿ, ನಾಟಿ ಮುಗೀಲಿ."

ಹೋಗಬಹುದಿತ್ತು. ಬಸ್ಸಿಗೇನು ಬರವೇ? ಆದರೆ ಆ ದಿನ ಅತ್ತ ಮೇಲೆ ತಾಯಕ್ಕನ ಎದೆ ಹಗುರಾಗಿಬಿಟ್ಟಿತು. ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಸಸಿ ಹಚ್ಚುವಾಗ ತಂಗಿಯ ತುಂಟತನ ನೆನೆದು ಒಬ್ಬಳೇ ನಗುತ್ತಿದ್ದಳು. ಅವಳ ಪಾಲಿಗೆ ರಾಜಿ ಆಗಿಹೋಗಿತ್ತು. ರಾಜಿಯಾದ ಸುದ್ದಿ ತಂಗಿಗೆ ಮುಟ್ಟಿಲ್ಲ ಎಂಬುದೇ ಮರೆತಂತಾಗಿತ್ತು. ಎಂಥ ಹುಚ್ಚಿ! ನಾಟಿ ಮುಗಿಯಿತು, ಕಳೆ ಬಂತು. ಕಳೆ ಮುಗಿಯುವ ಮೊದಲೇ ವಿರುಪಮ್ಮನ ಮಗಳು ಅನ್ನಪೂರ್ಣಳ ಫೋನು ಬಂತು. ವಿರುಪಮ್ಮ ಬೆಳಿಗ್ಗೆ ಚಹಾ ಕಾಸುತ್ತ ನಿಂತಲ್ಲೇ ಎದೆ ಹಿಡಿದುಕೊಂಡು ಕುಸಿದಳಂತೆ, ಆಸ್ಪತ್ರೆ ಮುಟ್ಟಲಿಲ್ಲವಂತೆ.

ಡ್ಯಾಮಿನ ಕ್ವಾರ್ಟರ್ಸ್ ಮುಂದೆ ಜನ ದಾರಿ ಬಿಟ್ಟರು. ಕಂಪ್ಲಿ ತಾಯಕ್ಕ ಬಂದಳೆಂದು ಹೆಂಗಸರೆಲ್ಲ ತಮ್ಮ ಅಳು ನಿಲ್ಲಿಸಿದರು. ತಾಯಕ್ಕ ತಂಗಿಯ ಕಾಲು ಹಿಡಿದು ಕೂತು ಬಾಯಿ ತೆರೆದಳು. ಬಂದದ್ದು ಕಾಲುವೆ ದಂಡೆಯ ಮಾತುಗಳೇ. ಒಂದೇ ಗಂಗಾಳ, ಬದುವಿನ ಮೇಲಿನ ಸೆರಗು. ಬದುಕಿದ್ದವಳನ್ನೇ ಹೆಣ ಮಾಡಿ ಹಾಡಿದ್ದನ್ನು ಈಗ ಹೆಣದ ಮುಂದೆ ಹೇಗೆ ಹಾಡುವುದು? ನಾಲಿಗೆ ಏಳಲಿಲ್ಲ. ಎದೆ ಒಡೆದುಹೋಗುತ್ತಿತ್ತು, ಕಣ್ಣು ಮಾತ್ರ ಒಣಗಿತ್ತು.

ಅನ್ನಪೂರ್ಣ ತಲೆಯೆತ್ತಿದಳು. "ದೊಡ್ಡವ್ವ, ಊರಾಗ ಸತ್ತೋರಿಗೆಲ್ಲ ಅಳ್ತಿ. ನಮ್ಮವ್ವಗ ಒಂದು ಹನಿ ಇಲ್ಲೇನು? ಇನ್ನೂ ಸಿಟ್ಟು ಇಳಿದಿಲ್ಲೇನು?"

ಅತ್ತೆನವ್ವಾ, ಆಗಲೇ ಅತ್ತುಬಿಟ್ಟೆ ಎನ್ನಬಹುದಿತ್ತು. ಹಾಗೆ ಹೇಳಿದರೆ ಈ ಹುಡುಗಿ ಏನು ತಿಳಿಯುತ್ತಾಳೆ? ದೊಡ್ಡವ್ವ ಬದುಕಿದ್ದವಳ ಹೆಸರಿಟ್ಟು ಅತ್ತಳು, ಅದಕ್ಕೇ ಅವ್ವ ಸತ್ತಳು ಎಂದು ಜನ್ಮವಿಡೀ ಕೊರಗುತ್ತಾಳೆ. ಫೋನು ಬಂದಾಗಿನಿಂದ ಆ ಹುಳ ತಾಯಕ್ಕನ ತಲೆಯನ್ನೇ ಕೊರೆಯುತ್ತಿತ್ತು.

"ಇಲ್ಲವ್ವ," ಎಂದಳು ತಾಯಕ್ಕ, "ಇಳಿದಿಲ್ಲ."

ಅನ್ನಪೂರ್ಣ ತನ್ನ ಅವ್ವನ ಕಾಲ ಮೇಲಿದ್ದ ದೊಡ್ಡವ್ವನ ಕೈಯನ್ನು ತೆಗೆದು ಪಕ್ಕಕ್ಕಿಟ್ಟಳು.