ಎರಡೂ ಕೈ ಬಿಟ್ಟಿದ್ದಕ್ಕೆ

ದೇವರಿಗೆ ಕೈ ಮುಗಿದು ದಂಡ ಕಟ್ಟಿದವಳು ನಮ್ಮ ಜಯನಗರದಲ್ಲಿ ನಾನೊಬ್ಬಳೇ ಇರಬೇಕು. ಆಸ್ಟ್ರೇಲಿಯಾದಲ್ಲಿರುವ ತಂಗಿಯ ಮನೆಗೆ ಹೋದಾಗ ಬಾಡಿಗೆ ಕಾರು ತೆಗೆದುಕೊಂಡು ನಾನೇ ಓಡಿಸುತ್ತಿದ್ದೆ. ಪಕ್ಕದಲ್ಲಿ ನಮ್ಮ ಯಜಮಾನರು. ಊರಾಚೆಯ ರಸ್ತೆಯಲ್ಲಿ ಇದ್ದಕ್ಕಿದ್ದಂತೆ ನಮ್ಮವರೇ ಕಟ್ಟಿಸಿದ ದೇವಸ್ಥಾನದ ಗೋಪುರ ಕಂಡಿತು. ಗೋಪುರ ಕಂಡರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಸ್ಟೀರಿಂಗ್ ಬಿಟ್ಟು ಎರಡೂ ಕೈ ಎದೆಗೆ ಬಂದವು, ಕೆನ್ನೆ ತಟ್ಟಿಕೊಂಡೂ ಆಯಿತು. ಪಕ್ಕದ ಲೇನಿನಲ್ಲೇ ಪೊಲೀಸ್ ಕಾರಿತ್ತು.

ಆ ಪೊಲೀಸಿನವನು ಮರ್ಯಾದೆಯಿಂದಲೇ ಕೇಳಿದ, ಕೈ ಯಾಕೆ ಬಿಟ್ಟಿರಿ ಎಂದು. "ಗಾಡ್" ಎಂದೆ. ಅವನು ಆ ಕಡೆ ಈ ಕಡೆ ನೋಡಿ, ಯಾರೂ ಕಾಣದೆ, ಟಿಕೆಟ್ ಬರೆದು ಕೊಟ್ಟ. ತಪ್ಪಿತ್ತು, ದಂಡ ಕಟ್ಟಿದೆ. ಅವನ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು.

ನಮ್ಮ ಯಜಮಾನರ ಮಟ್ಟಿಗೆ ಮುಗಿಯಲಿಲ್ಲ. ನಾವು ಬೆಂಗಳೂರಿಗೆ ಬಂದಿಳಿಯುವ ಮೊದಲೇ ನೆಂಟರ ವಾಟ್ಸಾಪ್ ಗ್ರೂಪಿಗೆ ಸುದ್ದಿ ಮುಟ್ಟಿಸಿದ್ದರು. ಪಾರ್ಕಿಗೆ ವಾಕಿಂಗ್ ಬರುವವರೂ "ಆಂಟಿ, ಫಾರಿನ್ ಪೊಲೀಸ್ ಹಿಡಿದ್ರಂತೆ?" ಎಂದು ಹಲ್ಲು ಕಿರಿದರು. ಬಾಗಿಲ ಪಕ್ಕದ ಮೊಳೆಯಲ್ಲಿದ್ದ ನನ್ನ ಕಾರಿನ ಕೀ ಯಜಮಾನರ ಜೇಬು ಸೇರಿತು.

"ಇನ್ನು ಸಾಕು ಕಣೇ. ಬರೋ ಭಾನುವಾರ ಒಬ್ರು ಕಾರು ನೋಡೋಕೆ ಬರ್ತಾರೆ. ಮಾರ್ಬಿಡೋಣ," ಎಂದರು.

ಮೈಯೆಲ್ಲ ಉರಿದುಹೋಯಿತು. ಅದು ನಾನು ಮೇಷ್ಟ್ರ ಕೆಲಸ ಮಾಡಿ ಗಂಟಲು ಹರಿದುಕೊಂಡು ತೆಗೆದ ಕಾರು. ಐವತ್ತು ದಾಟಿದ ಮೇಲೆ ಓಡಿಸಲು ಕಲಿತೆ. ಬನ್ನೇರುಘಟ್ಟ ರಸ್ತೆಯ ಗಜಿಬಿಜಿಯಲ್ಲಿ ಬಸ್ಸಿನವರ ಕೈಲಿ ಬೈಸಿಕೊಂಡು, ತಿರುಗಿಸಿ ಬೈದು ಕಲಿತೆ. ಯಜಮಾನರಿಗೆ ಇವತ್ತಿಗೂ ಸ್ಕೂಟರ್ ಬಿಟ್ಟರೆ ಬೇರೇನೂ ಬಾರದು. ಆ ಕಾರು ಹೋದರೆ ಎಲ್ಲಿಗೆ ಹೊರಡಬೇಕಾದರೂ ಇನ್ನೊಬ್ಬರ ಮುಖ ನೋಡಬೇಕು. ಅದು ನನ್ನಿಂದಾಗದ ಕೆಲಸ.

ಪ್ರತಿ ಸೋಮವಾರ ಬೇಗೂರಿನ ನಾಗೇಶ್ವರನ ಗುಡಿಗೆ ಹೋಗುವುದು ನಮ್ಮ ರೂಢಿ. ಆ ಸೋಮವಾರ ಯಜಮಾನರು ಕ್ಯಾಬ್ ಬುಕ್ ಮಾಡಿದರು. ಹಿಂದಿನ ಸೀಟಿನಲ್ಲಿ ಅವರ ಪಕ್ಕ ಕೂತೆ. ದಾರಿಯಲ್ಲಿ ಗಣಪತಿ ಗುಡಿ ಬಂತು. ಡ್ರೈವರ್ ಎರಡೂ ಕೈ ಬಿಟ್ಟು ಮುಗಿದ, ಕೆನ್ನೆ ತಟ್ಟಿಕೊಂಡ, ಆಮೇಲೆ ಸ್ಟೀರಿಂಗನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡ. ಯಜಮಾನರೂ ಅವನ ಜೊತೆಗೇ ಭಕ್ತಿಯಿಂದ ಕೈ ಮುಗಿದರು.

"ರೀ, ಅವ್ರಿಗ್ಯಾಕೆ ಏನೂ ಹೇಳ್ಲಿಲ್ಲ?" ಎಂದೆ.

"ಅವ್ರು ಡ್ರೈವರ್ ಕಣೇ. ಅಭ್ಯಾಸ ಇರುತ್ತೆ."

"ಹಾಗಾದ್ರೆ ನಾನೇನು ಸ್ಟೆಪ್ನಿನಾ?"

ಡ್ರೈವರ್ ನಗು ತಡೆಯಲಾರದೆ ಕೆಮ್ಮಿದ. ಯಜಮಾನರು ಕಿಟಕಿಯಾಚೆ ನೋಡತೊಡಗಿದರು. ಸಿಗ್ನಲ್ಲಿನಲ್ಲಿ ಕಾರು ನಿಂತಿತ್ತು. ಒಂದು ಕೈ ಬಾಗಿಲ ಮೇಲಿಟ್ಟು ಇನ್ನೊಂದನ್ನು ಅವರ ಮುಂದೆ ಚಾಚಿದೆ.

"ಕೀ ಕೊಡಿ. ಭಾನುವಾರದವ್ರಿಗೆ ಬರ್ಬೇಡಿ ಅಂತ ಈಗ್ಲೇ ಫೋನ್ ಮಾಡಿ. ಇಲ್ಲಾಂದ್ರೆ ಇಲ್ಲೇ ಇಳ್ಕೊಂಡು ನಡ್ಕೊಂಡು ಹೋಗ್ತೀನಿ."

ನಾನು ಹೇಳಿದರೆ ಮಾಡುವವಳೆಂದು ಅವರಿಗೆ ಚೆನ್ನಾಗಿ ಗೊತ್ತು. ಜೇಬಿಗೆ ಕೈ ಹಾಕಿದರು.

ಮುಂದಿನ ಸೋಮವಾರ ನಾನೇ ಓಡಿಸಿದೆ. ಅದೇ ಗಣಪತಿ ಗುಡಿ ಬಂತು. ಕೈಗಳು ಎದ್ದೇಬಿಡುತ್ತಿದ್ದವು, ಸ್ಟೀರಿಂಗನ್ನು ಬಿಗಿಯಾಗಿ ಹಿಡಿದುಕೊಂಡೆ. ಪಕ್ಕದಲ್ಲಿ ಯಜಮಾನರು ಗುಡಿಯ ಕಡೆ ನೋಡದೆ ನನ್ನ ಕೈಗಳನ್ನೇ ನೋಡುತ್ತಿದ್ದರು.

"ಏನ್ ನೋಡ್ತೀರ? ನಾನು ಡ್ರೈವರ್ರು, ನನ್ ಕೈ ಖಾಲಿ ಇಲ್ಲ. ನನ್ ಪಾಲಿಂದೂ ನೀವೇ ಮುಗೀರಿ," ಎಂದೆ.

ಅವರು ಎರಡು ಸಲ ಕೈ ಮುಗಿದರು.