ಎಡಗೋಲು, ಬಲಗೋಲು

ಪೆಟ್ರೋಲಿನ ವಾಸನೆ ಒಂದೇ ಬಂದರೆ ನನಗೇನೂ ಆಗುವುದಿಲ್ಲ. ಒಣಗಿದ ಕಣಿಕೆಯ ವಾಸನೆ ಒಂದೇ ಬಂದರೂ ಆಗುವುದಿಲ್ಲ. ತೆನೆ ಕೊಯ್ದು ಒಣಗಿಸಿದ ಜೋಳದ ದಂಟು, ಕಣಿಕೆ, ನಮ್ಮ ಕಡೆ ಯಾರ ಹಿತ್ತಲಲ್ಲಿ ಇಲ್ಲ? ಎರಡೂ ಕೂಡಿ ಬಂದರೆ ಮಾತ್ರ ಬಾಯಿ ಒಣಗುತ್ತದೆ. ಹೋದ ತಿಂಗಳು ಮೊಮ್ಮಗಳು ಶ್ರುತಿಯ ಕಾರಿನಲ್ಲಿ ರಾಯಬಾಗದಿಂದ ನನ್ನ ತವರೂರು ಏಕಸಂಬಿಗೆ ಹೊರಟಿದ್ದೆ. ಚಿಕ್ಕೋಡಿಯಲ್ಲಿ ಅವಳು ಪೆಟ್ರೋಲು ಹಾಕಿಸಲು ನಿಂತಳು. ಅದೇ ಹೊತ್ತಿಗೆ ಕಣಿಕೆ ಹೇರಿದ ಟ್ರ್ಯಾಕ್ಟರೊಂದು ಪಕ್ಕಕ್ಕೆ ಬಂದು ನಿಂತಿತು. ಗಾಜು ಏರಿಸು ಎಂದೆ. ಏರಿಸಿದಳು. ಆದರೆ ವಾಸನೆ ಅಷ್ಟರಲ್ಲಿ ಒಳಗೆ ಬಂದು ಕೂತುಬಿಟ್ಟಿತ್ತು. ಎಪ್ಪತ್ತು ವರ್ಷದಿಂದ ಅದು ಹಾಗೆಯೇ, ಕರೆಯದೆ ಬರುತ್ತದೆ, ಹೋಗು ಎಂದರೆ ಹೋಗುವುದಿಲ್ಲ.

ನನ್ನ ತವರುಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಗೊಬ್ಬರದ ಅಂಗಡಿ, ಅದರ ಮಗ್ಗುಲಿಗೆ ಮೊಬೈಲಿನ ಅಂಗಡಿ. ನಮ್ಮದು ತಂಬಾಕಿನ ಮನೆತನ. ಹೊಲದಲ್ಲಿ ಬೆಳೆದದ್ದು, ಸುತ್ತಲಿನವರಿಂದ ಕೊಂಡದ್ದು, ಎಲ್ಲವೂ ನಿಪ್ಪಾಣಿಗೆ ಹೋಗುತ್ತಿತ್ತು. ಪಡಸಾಲೆಯ ತುಂಬ ತಂಬಾಕಿನ ಘಾಟು. ಹೊಸದಾಗಿ ಬಂದ ಬೀಗರು ಮೂರು ದಿನ ಸೀನಿ, ನಾಲ್ಕನೆಯ ದಿನ ನಮ್ಮವರಾಗುತ್ತಿದ್ದರು. ಅಪ್ಪ ಭರಮಪ್ಪ ಹಿರಿಯ, ಕಾಕಾ ಜಿನ್ನಪ್ಪ ಕಿರಿಯ. ಕಾಕಾನಿಗೂ ಅವನ ಹೆಂಡತಿ ಕಾಕುವಿಗೂ ಮಕ್ಕಳಿರಲಿಲ್ಲ, ಹಾಗಾಗಿ ನಾನು ಇಬ್ಬರು ತಾಯಂದಿರ ಮಗಳು. ಅವ್ವ ನನ್ನನ್ನು ಹೆತ್ತಳು, ಹೊಡೆದಳು. ಕಾಕು ತಲೆ ಬಾಚಿದಳು, ಬಾಯಿಗೆ ತುತ್ತು ಇಟ್ಟಳು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಒಲೆಯೂ ಇಲ್ಲ, ಊಟವೂ ಇಲ್ಲ. ಸೂರ್ಯ ಒಂದು ಮಾರು ಮೇಲಿರುವಾಗಲೇ ಕಾಕು ತಲೆಬಾಗಿಲಿಗೆ ಬಂದು ನಿಂತು ಎಲ್ಲರ ಹೆಸರು ಹಿಡಿದು ಕರೆಯುವಳು. ತಡವಾಗಿ ಬಂದವರು ಗಂಡಸರಾಗಲಿ ಹುಡುಗರಾಗಲಿ ಉಪವಾಸ. ಈ ಒಂದು ವಿಷಯದಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ರಿಯಾಯತಿ ಇರಲಿಲ್ಲ.

ಊರಿಗೆ ಮೊದಲ ಮೋಟಾರು ತಂದವನು ಅಪ್ಪ. ದೊಡ್ಡ ಯುದ್ಧದ ಕಾಲಕ್ಕೆ ಬಂದ ಅಮೇರಿಕದ ಸಿಪಾಯಿಗಳು ಬಿಟ್ಟುಹೋದದ್ದಂತೆ, ಯಾರು ಯಾರದೋ ಕೈ ಹಾಯ್ದು ಕೊಲ್ಲಾಪುರಕ್ಕೆ ಬಂದಿತ್ತು. ಆಕಾರದಲ್ಲಿ ಎಮ್ಮೆ. ಅಗಲವಾದ ಮೂತಿ, ಬೆಳ್ಳಿಯ ಹಲ್ಲು, ಒಳಗೆ ಮಂಚದಷ್ಟು ಅಗಲದ ಸೀಟು. ಅದರ ಸ್ಟೇರಿಂಗು ಎಡಗಡೆ ಇತ್ತು. ಊರವರು ಅದನ್ನು ನೋಡಿ ನಕ್ಕರು. ಜೋಡೆತ್ತಿನಲ್ಲಿ ಎಡಕ್ಕೆ ಕಟ್ಟುವ ಎತ್ತು ಎಡಗೋಲಿನದು, ಬಲಕ್ಕೆ ಕಟ್ಟುವುದು ಬಲಗೋಲಿನದು. ಭರಮಪ್ಪ ಎಡಗೋಲಿನ ಮೋಟಾರು ತಂದಾನ ಎಂದು ಹೆಸರಿಟ್ಟರು. ವರ್ಷ ತುಂಬುವುದರೊಳಗೆ ಕಾಕಾ ಬೆಳಗಾವಿಗೆ ಹೋಗಿ ವಿಲಾಯತಿ ಮೋಟಾರು ತಂದ. ಕರಿದು, ಸಣ್ಣದು, ಸ್ಟೇರಿಂಗು ಬಲಕ್ಕೆ. ಅಣ್ಣನದು ಎಡಗೋಲು, ತಮ್ಮನದು ಬಲಗೋಲು, ಜೋಡಿ ಆಯಿತು ಎಂದು ಸಂತೆಯಲ್ಲಿ ಆಡಿಕೊಂಡರು. ಜೋಡಿ ಆಗಲಿಲ್ಲ, ಜಿದ್ದಿಗೆ ಬಿತ್ತು.

ಇದು ಮೋಟಾರ ಅಲ್ಲ, ಅಡಕಿ ಡಬ್ಬಿ ಎಂದು ಅಪ್ಪ. ನಿನ್ನ ಎಮ್ಮಿ ಎದ್ದು ನಿಂದ್ರೂದರಾಗ ನನ್ನ ಡಬ್ಬಿ ನಿಪ್ಪಾಣಿ ಮುಟ್ಟಿರ್ತೈತಿ ಎಂದು ಕಾಕಾ. ಅಮೇರಿಕದ ಉಕ್ಕು ದಪ್ಪ ಎಂದು ಒಬ್ಬ, ವಿಲಾಯತಿಯ ಯಂತ್ರ ಗಡಿಯಾರದ ಹಾಗೆ ಎಂದು ಇನ್ನೊಬ್ಬ. ಇಬ್ಬರೂ ಸಮುದ್ರ ಕಂಡವರಲ್ಲ. ಚಹಾದಂಗಡಿಯಲ್ಲಿ ಜನ ಎರಡು ಪಾರ್ಟಿ ಆದರು. ಅಮೇರಿಕದವರ ಬೆಂಚಿಗೆ ವಿಲಾಯತಿಯವರು ಕೂಡುತ್ತಿರಲಿಲ್ಲ. ಆ ಬೆಂಚಿನವರಲ್ಲಿ ಯಾರೂ ಮೋಟಾರು ಹತ್ತಿದವರಲ್ಲ, ಚಕ್ಕಡಿಯವರು. ಈಗ ನೆನೆದರೆ ನಗು ಬರುತ್ತದೆ. ನಕ್ಕು ಮುಗಿದ ಮೇಲೆ ಏನು ಬರುತ್ತದೆ ಎಂದು ಹೇಳಲಾರೆ. ಕಾಕಾನ ಗಾಡಿಗೆ ರಬ್ಬರಿನ ಹಿಡಿಯ ಹಾರ್ನು ಇತ್ತು. ಊರ ಅಗಸೆಬಾಗಿಲಲ್ಲಿ ಎರಡು ಸಲ ಒತ್ತುತ್ತಿದ್ದ, ಪೋಂ ಪೋಂ ಎಂದು, ಎರಡೇ ಸಲ. ಅದನ್ನು ಕೇಳಿದರೆ ಕಾಕು ರೊಟ್ಟಿಯ ಹಂಚು ಒಲೆಗಿಡುತ್ತಿದ್ದಳು.

ಎಡಗೋಲಿನ ಗಾಡಿಯಲ್ಲಿ ಒಂದು ತೊಂದರೆ ಇತ್ತು. ರಸ್ತೆಯ ಎಡಕ್ಕೆ ಹೋಗುವ ದೇಶದಲ್ಲಿ ಎಡಕ್ಕೇ ಕೂತು ನಡೆಸಿದರೆ, ಮುಂದೆ ಹೇರು ಗಾಡಿ ಇದ್ದಾಗ ಅದರಾಚೆ ಏನಿದೆ ಎಂದು ಕಾಣುವುದಿಲ್ಲ. ಅದಕ್ಕೆ ಬಲಗಡೆ ಒಬ್ಬರು ಕೂತು ನೋಡಿ ಹೇಳಬೇಕು. ಆ ಕೆಲಸ ನನ್ನದಾಗಿತ್ತು. ಒಂಬತ್ತು ವರ್ಷದವಳು, ಮೂರನೆಯ ಇಯತ್ತೆ. ಅಪ್ಪ ಎಲ್ಲಿಗೆ ಹೋದರೂ ನನ್ನನ್ನು ಕೂಡಿಸಿಕೊಂಡು ಹೋಗುವನು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಡುತ್ತಿದ್ದೆ, ಗಾಳಿಗೆ ಕಾಕು ಹಾಕಿದ ಹೆರಳು ಬಿಚ್ಚಿಹೋಗುತ್ತಿತ್ತು. ಅಪ್ಪ ನನ್ನ ಮುಖ ನೋಡದೆ, ಹಾದಿ ಐತೇನ ಪದ್ದಿ, ಎಂದು ಕೇಳುತ್ತಿದ್ದ. ಹಾದಿ ಇದ್ದರೆ ಹೂಂ. ಇಲ್ಲದಿದ್ದರೆ ಊಹೂಂ. ನಾನು ಹೂಂ ಎಂದರೆ ಅಷ್ಟು ದೊಡ್ಡ ಮೋಟಾರು ಬಲಕ್ಕೆ ತಿರುಗಿ ಎಲ್ಲರನ್ನೂ ಹಿಂದೆ ಹಾಕಿ ಹೋಗುತ್ತಿತ್ತು. ನನ್ನ ವಯಸ್ಸಿನ ಯಾವ ಹುಡುಗಿಯ ಮಾತಿಗೂ ಆ ಊರಲ್ಲಿ ಅಷ್ಟು ಬೆಲೆ ಇರಲಿಲ್ಲ. ಸೊಕ್ಕು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಆ ದಿನ ಅಣ್ಣ ತಮ್ಮ ಇಬ್ಬರೂ ತಂತಮ್ಮ ಗಾಡಿಯಲ್ಲಿ ನಿಪ್ಪಾಣಿಗೆ ಹೋಗಿದ್ದರು, ನಾನು ಅಪ್ಪನ ಗಾಡಿಯಲ್ಲಿ. ತಿರುಗಿ ಬರುವಾಗ ಚಿಕ್ಕೋಡಿ ದಾಟಿದ ಮೇಲೆ ನಮ್ಮ ಎಮ್ಮೆಯ ಮೂತಿಯಿಂದ ಹೊಗೆ ಬಂತು. ಅಪ್ಪ ನಿಲ್ಲಿಸಿ, ಮುಚ್ಚಳ ತೆಗೆದು, ಹತ್ತಿರದ ಬಾವಿಯಿಂದ ನೀರು ತಂದು ಹಾಕುತ್ತ ನಿಂತ. ಹಿಂದಿನಿಂದ ಕಾಕಾನ ಗಾಡಿ ಬಂದು ನಮ್ಮ ಪಕ್ಕದಲ್ಲಿ ನಿಂತಿತು. ಅವನು ಇಳಿಯಲಿಲ್ಲ. ಮೊಳಕೈ ಕಿಟಕಿಯ ಮೇಲಿಟ್ಟು ನಗುತ್ತ ಹೇಳಿದ:

“ಅಣ್ಣಾ, ಎಮ್ಮಿಗೆ ನೀರ ಕುಡಿಸಿ ಸಾವಕಾಶ ಬಾ. ನಿನ್ನ ಪಾಲಿನ ರೊಟ್ಟಿ ನಾ ಉಣ್ತೀನಿ. ಪದ್ದಿ ಪಾಲಿಂದೂ.”

ಬಾ, ನನ್ನ ಗಾಡಿ ಹತ್ತು, ಎಂದು ನನ್ನನ್ನು ಕರೆದ. ನಾನು ಹತ್ತಲಿಲ್ಲ. ಅಪ್ಪನ ಪಾರ್ಟಿಯವಳು ನಾನು. ಅವನು ಪೋಂ ಪೋಂ ಎನ್ನಿಸಿ ಧೂಳೆಬ್ಬಿಸಿ ಹೋದ. ಇಂಜಿನ್ನು ತಣ್ಣಗಾಗಿ ನಾವು ಹೊರಡುವ ಹೊತ್ತಿಗೆ ನೆರಳು ಉದ್ದವಾಗಿತ್ತು. ನನಗೆ ಹಸಿವು, ಅದಕ್ಕಿಂತ ಹೆಚ್ಚು ಸಿಟ್ಟು. ಅಪ್ಪ ಜೋರಾಗಿ ಬಿಟ್ಟ. ಅರ್ಧ ಹಾದಿಯಲ್ಲಿ ಮುಂದೆ ಕಣಿಕೆಯ ಚಕ್ಕಡಿ ಸಿಕ್ಕಿತು, ಮನೆಯಷ್ಟು ಎತ್ತರಕ್ಕೆ ಹೇರಿದ್ದರು, ಎರಡೂ ಮಗ್ಗುಲಿಗೆ ಚಾಚಿಕೊಂಡಿತ್ತು. ಅದರ ಹಿಂದೆ ಹೆಜ್ಜೆ ಹೆಜ್ಜೆ ಹೋದೆವು. ಕಣಿಕೆಯ ರವುದಿ ಹಾರಿ ಕಣ್ಣಿಗೆ ಬೀಳುತ್ತಿತ್ತು, ಇಂಜಿನ್ನಿನಿಂದ ಬಿಸಿ ಪೆಟ್ರೋಲಿನ ವಾಸನೆ. ಸೂರ್ಯ ಇನ್ನೂ ಒಂದು ಮಾರು ಮೇಲಿದ್ದ. ನಾನು ತಲೆ ಹೊರಗೆ ಹಾಕಿ ನೋಡಿದೆ. ಮುಂದೆ ಧೂಳು, ಧೂಳಿನ ಮೇಲೆ ಬಿಸಿಲು, ಬೇರೇನೂ ಕಾಣಲಿಲ್ಲ. ಆ ಧೂಳಿನೊಳಗಿಂದ ಪೋಂ ಪೋಂ ಕೇಳಿಸಿತು, ಎರಡು ಸಲ. ಕಾಕಾ! ಇನ್ನೂ ಮನೆ ಮುಟ್ಟಿಲ್ಲ, ಇಲ್ಲೇ ಮುಂದೆ ಹೋಗುತ್ತಿದ್ದಾನೆ, ಹಿಡಿಯಬಹುದು ಎಂದುಕೊಂಡೆ. ಹಾದಿ ಐತೇನ ಪದ್ದಿ, ಎಂದ ಅಪ್ಪ.

ಹೂಂ ಎಂದೆ.

ಕಾಕಾ ಮುಂದೆ ಹೋಗುತ್ತಿರಲಿಲ್ಲ, ಎದುರಿಗೆ ಬರುತ್ತಿದ್ದ. ಎರಡು ಮೋಟಾರು ಒಂದಕ್ಕೊಂದು ತಾಗಲಿಲ್ಲ. ನಮಗೆ ಹಾದಿ ಬಿಡಲು ಅವನು ತನ್ನ ಗಾಡಿಯನ್ನು ಅಂಚಿಗೆ ಎಳೆದ. ಅಂಚಿನಲ್ಲಿ ಬೇವಿನ ಗಿಡ ಇತ್ತು. ಸ್ಟೇರಿಂಗಿಗೆ ಎದೆ ಬಡಿದಿತ್ತು, ಮುಖಕ್ಕೆ ಏನೂ ಆಗಿರಲಿಲ್ಲ. ಅಪ್ಪ ಓಡಿ ಹೋಗಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ, ಅಷ್ಟರಲ್ಲಿ ಮುಗಿದಿತ್ತು. ನಮ್ಮ ಅಮೇರಿಕದ ಎಮ್ಮೆಗೆ ಒಂದು ಗೀರೂ ಬೀಳಲಿಲ್ಲ. ರಸ್ತೆಯ ಮೇಲೆ ಹಿತ್ತಾಳೆಯ ಡಬ್ಬಿ ಬಾಯಿ ತೆರೆದು ಬಿದ್ದಿತ್ತು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಲೆ, ಶೇಂಗಾ ಹಿಂಡಿ. ಮನೆಯಲ್ಲಿ ಏನಾಗಿತ್ತೆಂದು ಆಮೇಲೆ ಅವ್ವ ಹೇಳಿದಳು. ಕಾಕಾ ಕೈಕಾಲು ತೊಳೆದು ತಾಟಿನ ಮುಂದೆ ಕೂತವನು ಸೂರ್ಯನ ಕಡೆ ನೋಡಿ ಎದ್ದನಂತೆ. ಹುಡುಗಿ ಹಸಗೊಂಡಿರ್ತೈತಿ, ಹೊತ್ತ ಮುಳುಗೂದ್ರೊಳಗ ಹಾದ್ಯಾಗ ಉಣಸಿ ಬರ್ತೀನಿ, ಎಂದು ತನ್ನ ತುತ್ತನ್ನೂ ಬಿಟ್ಟು ಡಬ್ಬಿ ಕಟ್ಟಿಸಿಕೊಂಡನಂತೆ. ನಾನು ಆ ರೊಟ್ಟಿಯ ಹತ್ತಿರ ನಿಂತಿದ್ದೆ. ಹೊತ್ತು ಇನ್ನೂ ಮುಳುಗಿರಲಿಲ್ಲ.

ದಹನ ಮುಗಿಸಿ ಬಂದ ಮೇಲೆ ಹಿರಿಯರು ಪಡಸಾಲೆಯಲ್ಲಿ ಕೂತು ಅಪ್ಪನನ್ನು ಕೇಳಿದರು. ಹೆಂಗಸರು ಒಳಬಾಗಿಲಲ್ಲಿ ನಿಂತಿದ್ದರು, ನಾನು ಕಾಕುವಿನ ಸೆರಗು ಹಿಡಿದಿದ್ದೆ. ಅಪ್ಪ ನೆಲ ನೋಡುತ್ತ ಹೇಳಿದ:

“ಹುಡುಗಿ ಊಹೂಂ ಅಂದಿದ್ಲು. ಇಂಜಿನ್ ಸಪ್ಪಳದಾಗ ನನಗ ಹೂಂ ಅಂತ ಕೇಳಿಸ್ತು.”

ನಾನು ಬಾಯಿ ತೆರೆದೆ. ಅಪ್ಪ ತಲೆಯೆತ್ತಿ ನನ್ನ ಕಡೆ ಒಂದೇ ಸಲ ನೋಡಿದ. ಬಾಯಿ ಮುಚ್ಚಿದೆ. ಕಾಕು ನನ್ನ ಕೈಯಿಂದ ಸೆರಗು ಬಿಡಿಸಿಕೊಳ್ಳಲಿಲ್ಲ. ಆದರೆ ಅಪ್ಪನ ಕಡೆಗೆ ಬೆನ್ನು ತಿರುಗಿಸಿದಳು. ಅಂದಿನಿಂದ ಅಪ್ಪ ಸಾಯುವ ತನಕ, ಇಪ್ಪತ್ತೆರಡು ವರ್ಷ, ಅವನ ಜೊತೆ ಒಂದು ಮಾತು ಆಡಲಿಲ್ಲ. ಅಪ್ಪ ಒಪ್ಪತ್ತಿನ ನೇಮ ಹಿಡಿದ. ಮಧ್ಯಾಹ್ನ ಒಂದೇ ಊಟ, ಸಂಜೆ ಎಲ್ಲರೂ ಉಣ್ಣುವಾಗ ಹೊರಗಿನ ಕಟ್ಟೆಯ ಮೇಲೆ ಕೂತು ರಸ್ತೆ ನೋಡುತ್ತಿದ್ದ. ಆ ಒಂದು ಊಟಕ್ಕೆ ರೊಟ್ಟಿ ಬಡಿಯುವವಳು ಕಾಕುವೇ. ಬಿಸಿ ರೊಟ್ಟಿ ತಂದು ತಾಟಿಗೆ ಹಾಕಿ ಹೋಗುವಳು. ಹೇಳುವುದಿದ್ದರೆ, ಪದ್ದಿ, ನಿಮ್ಮಪ್ಪಗ ಹೇಳು, ಎನ್ನುವಳು. ನಡುವೆ ಕೂತು ಹೇಳುವ ಕೆಲಸ ಮತ್ತೆ ನನಗೇ ಬಂತು. ಅಮೇರಿಕದ ಗಾಡಿಯನ್ನು ಅಪ್ಪ ಮುಟ್ಟಲಿಲ್ಲ. ಕೊಟ್ಟಿಗೆಯ ಹಿಂದೆ ನಿಂತಲ್ಲೇ ನಿಂತು ಅದರ ಗಾಲಿ ಮಣ್ಣಿಗಿಳಿದವು, ಸೀಟಿನ ಮೇಲೆ ಬೆಕ್ಕು ಮರಿ ಹಾಕಿತು. ಬೇವಿನ ಗಿಡದ ಹತ್ತಿರದಿಂದ ಎತ್ತಿ ತಂದ ವಿಲಾಯತಿ ಗಾಡಿಯೂ ಅದರ ಬಲಕ್ಕೇ ನಿಂತಿತ್ತು. ಎಡಗೋಲು, ಬಲಗೋಲು. ಚಹಾದಂಗಡಿಯಲ್ಲಿ ಯಾವುದು ಗೆದ್ದಿತು ಎಂದು ಯಾರೂ ಕೇಳಲಿಲ್ಲ.

ನಾನು ಹೂಂ ಎನ್ನುವುದನ್ನು ಬಿಟ್ಟೆ. ಮದುವೆಗೆ ಒಪ್ಪಿಗೆಯೇನ ಎಂದು ಕೇಳಿದಾಗ, ಆಗ್ಲಿ ಎಂದೆ. ಮೊಮ್ಮಕ್ಕಳು ಸಣ್ಣವರಿದ್ದಾಗ ತಾವೇ ಕಥೆ ಕಟ್ಟಿ ಹೇಳುತ್ತಿದ್ದವು. ಆಯಿ ಹೂಂಗುಡೂದಿಲ್ಲ, ಆಕಿಗೆ ಹೇಳಬ್ಯಾಡ್ರಿ, ಎಂದು ಎದ್ದುಹೋಗುತ್ತಿದ್ದವು. ಹೋಗಲಿ ಎಂದು ಬಿಡುತ್ತಿದ್ದೆ. ಸಂಜೆ ತಾಟಿನ ಮುಂದೆ ಕೂತಾಗ ಇವತ್ತಿಗೂ ಕೆಲವು ದಿನ ಪೋಂ ಪೋಂ ಕೇಳಿಸುತ್ತದೆ. ಹೊರಗೆ ನೋಡಿದರೆ ಯಾರೂ ಇರುವುದಿಲ್ಲ. ದೆವ್ವ ಗಿವ್ವ ನಾನು ನಂಬುವುದಿಲ್ಲ. ಆದರೂ ಎದ್ದು ನೋಡುತ್ತೇನೆ.

ಅಪ್ಪ ತೀರಿಕೊಂಡ ಹದಿಮೂರನೆಯ ದಿನ ಕಾಕುವಿನ ಮುಂದೆ ಕೂತೆ. ಅವಳು ಬೀಜಕ್ಕೆಂದು ಶೇಂಗಾ ಒಡೆಯುತ್ತಿದ್ದಳು. ಇನ್ನು ಮುಚ್ಚಿಟ್ಟರೆ ಯಾರ ಸಲುವಾಗಿ ಎಂದುಕೊಂಡು, ಕಾಕು, ಅವತ್ತ ನಾನು, ಎಂದು ಶುರು ಮಾಡಿದೆ. ಅವಳು ಕೈ ನಿಲ್ಲಿಸಲಿಲ್ಲ.

“ನಿಮ್ಮಪ್ಪನ ಕಿವಿ ಎಂದೂ ಮಂದ ಇದ್ದಿಲ್ಲ, ಪದ್ದಿ. ಹಿತ್ತಲದಾಗ ನನ್ನ ಬಳಿಗೋಳ ಸಪ್ಪಳ ಆದ್ರ ಪಡಸಾಲ್ಯಾಗ ಕೆಮ್ಮಾಂವ ಆತ.”

ಅವಳಿಗೆ ಗೊತ್ತಿತ್ತು. ಮೊದಲ ದಿನದಿಂದಲೇ ಗೊತ್ತಿತ್ತು. ಹಾಗಿದ್ದರೆ ಅಪ್ಪನ ಜೊತೆ ಯಾಕೆ ಮಾತು ಬಿಟ್ಟೆ ಎಂದು ಕೇಳಿದೆ. ಒಂದು ಕಾಯಿ ಒಡೆದಳು, ಇನ್ನೊಂದು ಒಡೆದಳು.

“ಯಾರರ ಒಬ್ಬರ ಜೋಡಿ ಬಿಡಬೇಕಿತ್ತು. ನಿನ್ನ ಜೋಡಿ ಬಿಡಲೇನು? ನೀ ಒಂಬತ್ತ ವರ್ಷದಾಕಿ.”

ಆಮೇಲೆ ನನ್ನ ಕಡೆಗೂ ಒಂದು ಮೊರ ಸರಿಸಿ, ಸುಮ್ಮನ ಕೂಡಬ್ಯಾಡ, ಕೈ ಹಚ್ಚು, ಎಂದಳು. ಇಬ್ಬರೂ ಹೊತ್ತು ಇಳಿಯುವ ತನಕ ಶೇಂಗಾ ಒಡೆದೆವು. ಅಪ್ಪನಿಗೂ ಇದು ತಿಳಿದಿತ್ತೇ, ತನಗೆ ಸಿಕ್ಕ ಆ ಮೌನ ನನ್ನ ಪಾಲಿನದು, ಅದು ಕಾಕುವಿಗೂ ಗೊತ್ತು ಎಂದು? ಕೇಳಲು ಅವನಿರಲಿಲ್ಲ. ನಾಲ್ಕು ವರ್ಷಕ್ಕೆ ಅವಳೂ ಇಲ್ಲವಾದಳು.

ಹೋದ ತಿಂಗಳು ಪಂಪು ಬಿಟ್ಟು ಹೊರಟ ಮೇಲೆ ಅದೇ ಟ್ರ್ಯಾಕ್ಟರು ಏಕಸಂಬಿಯ ಹಾದಿಯಲ್ಲಿ ನಮ್ಮ ಮುಂದೆ ಸಿಕ್ಕಿತು. ರಸ್ತೆ ಈಗ ಅಗಲವಾಗಿದೆ, ಬೇವಿನ ಗಿಡ ಕಡಿದಿದ್ದಾರೆ, ಆದರೆ ಅದಿದ್ದ ಜಾಗ ಕಣ್ಣು ಕಟ್ಟಿದರೂ ತೋರಿಸುತ್ತೇನೆ. ಶ್ರುತಿಯ ಕಾರಿನಲ್ಲಿ ನಡೆಸುವವರು ಬಲಕ್ಕೆ. ನಾನು ಎಡಕ್ಕೆ, ಅಂದರೆ ಅಪ್ಪ ಕೂಡುತ್ತಿದ್ದ ಕಡೆ. ಇಷ್ಟು ವರ್ಷ ಆ ಕಡೆ ಕೂತರೂ ಅಂದೇ ಮೊದಲ ಸಲ ಮುಂದೆ ನೋಡಿದೆ. ಅಲ್ಲಿಂದ ಕಣಿಕೆಯ ಗೋಡೆ ಒಂದೇ ಕಾಣುತ್ತದೆ, ಮತ್ತೇನೂ ಕಾಣುವುದಿಲ್ಲ. ಅವನ ಕೈಯಲ್ಲಿ ನನ್ನ ಮಾತು ಬಿಟ್ಟರೆ ಏನೂ ಇರಲಿಲ್ಲ. ಶ್ರುತಿ ಬಲಕ್ಕೆ ಬಾಗಿ ನೋಡಿ, ನನ್ನ ಅಂಜಿಕೆ ಗೊತ್ತಿದ್ದವಳು, ಹಾದಿ ಖಾಲಿ ಐತಿ ಆಯಿ, ಮುಂದ ಹೋಗ್ಲೇನ, ಎಂದು ಕೇಳಿದಳು. ನಾನು ಏನೂ ಹೇಳಲಿಲ್ಲ. ಅವಳು ಮತ್ತೆ ಕೇಳಲಿಲ್ಲ, ಗಾಡಿ ನಿಧಾನ ಮಾಡಿದಳು. ಟ್ರ್ಯಾಕ್ಟರಿನ ಹಿಂದೆ ಹೆಜ್ಜೆ ಹೆಜ್ಜೆ ಹೋಗಿ ಊರ ಅಗಸೆ ಮುಟ್ಟುವ ಹೊತ್ತಿಗೆ ಹೊತ್ತು ಮುಳುಗಿತ್ತು. ಅಂದು ನಾನು ಉಣ್ಣಲಿಲ್ಲ.