ಅವ್ವನ ಬಳೆಯ ಅಳತೆ

ಅವ್ವನ ಬಳೆ ಬಿಗಿಯಾದ ವರ್ಷ ನಾನು ಗುಲ್ಬರ್ಗಾದಲ್ಲಿ ಓದುತ್ತಿದ್ದೆ. ಆಗ ನಡೆದದ್ದನ್ನು ರಜೆಗೆ ಹಗರಿಬೊಮ್ಮನಹಳ್ಳಿಗೆ ಬಂದಾಗ ಕಣ್ಣಾರೆ ಕಂಡೆನೋ, ದೊಡ್ಡವ್ವ ಹೇಳಿದ್ದನ್ನೇ ಕಂಡಂತೆ ಇಟ್ಟುಕೊಂಡಿದ್ದೇನೋ, ಈಗ ಖಾತ್ರಿಯಿಲ್ಲ.

ಶೇಂಗಾ ಹೊಲದಲ್ಲಿ ಕಳೆ ತೆಗೆದು ತೆಗೆದು ಅವ್ವನ ಮೊಣಕಾಲು ಸವೆದಿದ್ದವು. ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ನೋವಿನ ಗುಳಿಗೆಯನ್ನು ಬೆಳಿಗ್ಗೆ ಚಹಾದ ಜೊತೆ ನುಂಗುವಳು, ಸಂಜೆ ಇನ್ನೊಂದು. ಓಣಿಯ ಹೆಂಗಸರೆಲ್ಲ ಹಾಗೇ. ಎಲೆ ಅಡಿಕೆಯಂತೆ ಅದೂ ಸೆರಗಿನ ಗಂಟಿನಲ್ಲಿರುತ್ತಿತ್ತು.

ಒಣಕಡ್ಡಿ ಎನಿಸಿಕೊಂಡಿದ್ದ ಅವ್ವ ಆ ವರ್ಷ ಮೈ ತುಂಬಿಕೊಂಡಳು. ಮುಖ ದುಂಡಗಾಯಿತು. ಬಳೆಗಾರ್ತಿ ಕೈ ಹಿಂಡಿ ಹಿಂಡಿ ಸಾಕಾಗಿ, ಒಂದು ಅಳತೆ ದೊಡ್ಡ ಹಸಿರು ಬಳೆ ತೊಡಿಸಿದಳು. ಪಕ್ಕದಲ್ಲಿದ್ದ ದೊಡ್ಡವ್ವ ತಂಗಿಯನ್ನು ಹಂಗಿಸಿದಳು:

“ಮಗ ನೌಕರಿ ಹಿಡಿಯೋಕಿಂತ ಮೊದ್ಲ ಸಾವ್ಕಾರ್ತಿ ಆಗ್ಯಾಳ ನೋಡ್ರಿ.”

ಅವ್ವ ನಾಚಿ ನಕ್ಕಳು. ಹಾಗೆಂದು ನನ್ನ ನೆನಪು. ದೊಡ್ಡವ್ವ ಮಾತ್ರ ಎಷ್ಟೋ ದಿನಗಳ ಮೇಲೆ, ತಾನು ಅವತ್ತೇ ಇದು ಬಾವು ಅಂದಿದ್ದೆ ಎಂದು ಆಣೆ ಮಾಡಿದಳು.

ಮಲಗಿದರೆ ಉಸಿರು ಸಿಗದಂತಾದಾಗ ಅಪ್ಪ, ನಾನು ಅವಳನ್ನು ದಾವಣಗೆರೆಗೆ ಕರೆದೊಯ್ದೆವು. ಡಾಕ್ಟರು ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ತಗ್ಗು ಹಾಗೇ ಉಳಿಯಿತು. ಇದು ಮಾಂಸವಲ್ಲ, ನೀರು ಎಂದರು. ಮೂತ್ರಪಿಂಡ ತನ್ನೊಳಗೇ ಹಾರ್ಮೋನಿನಂಥ ವಸ್ತುಗಳನ್ನು ತಯಾರಿಸಿಕೊಳ್ಳುತ್ತದಂತೆ. ರಕ್ತದ ಹರಿವನ್ನು ಕಾಯುವುದು, ಉಪ್ಪನ್ನೂ ನೀರನ್ನೂ ಹೊರಹಾಕಲು ನೆರವಾಗುವುದು ಅವುಗಳ ಕೆಲಸ. ಮೊಣಕಾಲಿನ ನೋವು ಹೆಚ್ಚಿಸುವುದೂ ಅದೇ ಜಾತಿಯ ವಸ್ತು. ಗುಳಿಗೆಗೆ ಇದು ಮೊಣಕಾಲು, ಇದು ಮೂತ್ರಪಿಂಡ ಎಂಬ ಭೇದವಿಲ್ಲ. ಎರಡೂ ಕಡೆ ಆ ವಸ್ತು ತಯಾರಾಗದಂತೆ ತಡೆಯುತ್ತದೆ. ಉಪ್ಪು ಒಳಗೇ ನಿಲ್ಲುತ್ತದೆ, ಉಪ್ಪಿನ ಜೊತೆ ನೀರೂ. ಗುಳಿಗೆ ಬೇಗ ಬಿಟ್ಟಿದ್ದರೆ ಸುಧಾರಿಸಬಹುದಿತ್ತು, ಈಗ ಮೂತ್ರಪಿಂಡಗಳೇ ಸೋತಿವೆ ಎಂದರು.

ಗುಳಿಗೆ ನಿಲ್ಲಿಸಿ ನೀರಿಳಿಯುವ ಮದ್ದು ಕೊಟ್ಟರು. ಬಾವು ಇಳಿದಾಗ ಅದರಡಿ ನಮ್ಮ ಹಳೆಯ ಅವ್ವನಿಗಿಂತಲೂ ಸಣ್ಣವಳು ಇದ್ದಳು. ಮಂಚದ ಮೇಲೆ ಕೈ ಇಳಿಬಿಟ್ಟರೆ ಹಸಿರು ಬಳೆಗಳು ಬೆರಳಿನವರೆಗೆ ಜಾರುತ್ತಿದ್ದವು. ಅವನ್ನು ಮೇಲೆ ಸರಿಸಿಕೊಳ್ಳುತ್ತ ಮೆಲ್ಲಗೆ ಹೇಳಿದಳು:

“ದೊಡ್ಡವ್ವಗ ಹೇಳಬ್ಯಾಡಪಾ, ಮತ್ತ ಒಣಗ್ಯಾಳ ಅಂತ ನಗ್ತಾಳ.”

ಮುಂದಿನ ಮುಂಗಾರಿಗೆ ಅವ್ವ ಇರಲಿಲ್ಲ. ಮುತ್ತೈದೆ ಸಾವು, ಹೊಸ ಬಳೆ ತೊಡಿಸಬೇಕು. ಅದೇ ಬಳೆಗಾರ್ತಿ ಬಂದು ದೊಡ್ಡ ಅಳತೆಯದನ್ನು ತೆಗೆದಳು. ದೊಡ್ಡವ್ವ ಬೇಡವೆಂದು ತಲೆಯಾಡಿಸಿ, ಬುಟ್ಟಿಯಿಂದ ಹಳೆಯ ಅಳತೆಯ ಬಳೆ ತಾನೇ ಆರಿಸಿ ತಂಗಿಯ ಕೈಗೆ ಏರಿಸಿದಳು. ಹಿಂಡಬೇಕಾಗಲಿಲ್ಲ.